ಸರ್ವರ್ ಕಾಯುವ ತಂತ್ರಾಂಶಕ್ಕೆ ನೆಟ್‌ವರ್ಕ್ ಕಾಯಲು ಕಲಿಸುವುದು

ಹೆಚ್ಚಿನ ಕಡೆ ಇದು ಶುರುವಾಗುವುದು ಹೀಗೆ. ಇಪ್ಪತ್ತು ಮೂವತ್ತು ಸರ್ವರ್‌ಗಳ ಮೇಲೆ ಕಣ್ಣಿಡಲು ಯಾರೋ ಒಂದು ಮಾನಿಟರಿಂಗ್ ತಂತ್ರಾಂಶ ಹಾಕಿರುತ್ತಾರೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಡಿಸ್ಕ್ ತುಂಬುವ ಮೊದಲೇ ಹೇಳುತ್ತದೆ. ವೆಬ್ ಸರ್ವರ್ ನಿಂತರೆ ಫೋನಿಗೆ ಮೆಸೇಜ್ ಕಳಿಸುತ್ತದೆ. ಎಲ್ಲರಿಗೂ ಅದರ ಮೇಲೆ ನಂಬಿಕೆ ಬರುತ್ತದೆ. ಆಮೇಲೆ ಒಂದು ದಿನ, ಹೇಗೂ ಇದೆಯಲ್ಲ, ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ರೂಟರ್‌ಗಳನ್ನೂ ಇದಕ್ಕೇ ಸೇರಿಸಿಬಿಡೋಣ ಅಂತ ತೀರ್ಮಾನವಾಗುತ್ತದೆ. ಪಟ್ಟಿ ಮೂವತ್ತರಿಂದ ಮುನ್ನೂರಾಗುತ್ತದೆ, ನೋಡನೋಡುತ್ತ ಮೂರು ಸಾವಿರವಾಗುತ್ತದೆ. ತಂತ್ರಾಂಶ ಅದೇ. ಅದು ಕೇಳುವ ಪ್ರಶ್ನೆಯೂ ಅದೇ.

ಅಲ್ಲಿಂದಲೇ ತೊಂದರೆ ಶುರು. ತಂತ್ರಾಂಶ ಕೆಟ್ಟದ್ದು ಅಂತಲ್ಲ. ಅದನ್ನು ಬರೆದವರು ಕೆಲವು ಸಂಗತಿಗಳನ್ನು ಸಹಜ ಅಂದುಕೊಂಡಿದ್ದರು. ಪ್ರತಿ ಯಂತ್ರ ತನ್ನಷ್ಟಕ್ಕೆ ತಾನಿರುತ್ತದೆ, ಕೇಳಿದಾಗ ಉತ್ತರ ಕೊಡುತ್ತದೆ, ಉತ್ತರ ಬರದಿದ್ದರೆ ಅದು ಕೆಟ್ಟಿದೆ. ಒಂದು ಸರ್ವರ್ ಕೋಣೆಯ ಒಳಗೆ ಇದು ಬಹುಮಟ್ಟಿಗೆ ನಿಜ. ದೊಡ್ಡ ನೆಟ್‌ವರ್ಕ್‌ನಲ್ಲಿ ಹಾಗಲ್ಲ. ಅಲ್ಲಿ ಒಂದರ ಹಿಂದೆ ಇನ್ನೊಂದು ಇರುತ್ತದೆ. ನಾವು ಕೇಳುವ ಪ್ರಶ್ನೆ, ಬರಬೇಕಾದ ಉತ್ತರ ಎರಡೂ ನಾವು ಪರೀಕ್ಷಿಸುತ್ತಿರುವ ದಾರಿಯ ಮೇಲೆಯೇ ಓಡಾಡುತ್ತವೆ. ದಾರಿ ಕುಸಿದರೆ ಸುದ್ದಿ ತರುವವನೂ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಸರ್ವರ್ ತಂತ್ರಾಂಶವನ್ನು ನೆಟ್‌ವರ್ಕ್‌ಗೆ ಒಗ್ಗಿಸುವುದು ಅಂದರೆ ಈ ಹಳೆಯ ನಂಬಿಕೆಗಳನ್ನು ಒಂದೊಂದಾಗಿ ಹುಡುಕಿ ಬದಲಿಸುವುದು. ಪಟ್ಟಿಗೆ ಹೆಸರು ಸೇರಿಸುವುದು ಅದರಲ್ಲಿ ತೀರಾ ಚಿಕ್ಕ ಕೆಲಸ.

ಯಾವುದರ ಹಿಂದೆ ಯಾವುದು

ನ್ಯಾಗಿಯೋಸ್ ಅನ್ನುವ ಮಾನಿಟರಿಂಗ್ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಈಥನ್ ಗಾಲ್‌ಸ್ಟಾಡ್ ಇದನ್ನು 1999ರಲ್ಲಿ ನೆಟ್‌ಸೇಂಟ್ ಅನ್ನುವ ಹೆಸರಿನಲ್ಲಿ ಹೊರತಂದರು. ಆಮೇಲೆ ಹೆಸರು ಬದಲಾಯಿತು. ಅದರ ರಚನೆ ತುಂಬಾ ಸರಳ. ಒಂದೊಂದು ಪರೀಕ್ಷೆಗೂ ಒಂದು ಪುಟ್ಟ ಪ್ಲಗಿನ್. ಪ್ಲಗಿನ್ ಕೆಲಸ ಮುಗಿಸಿ ಒಂದು ಅಂಕಿ ಕೊಡುತ್ತದೆ. 0 ಅಂದರೆ ಸರಿ, 1 ಅಂದರೆ ಎಚ್ಚರಿಕೆ, 2 ಅಂದರೆ ಗಂಭೀರ, 3 ಅಂದರೆ ಗೊತ್ತಾಗಲಿಲ್ಲ. ಯಾರು ಬೇಕಾದರೂ ಹತ್ತು ಸಾಲಿನಲ್ಲಿ ಒಂದು ಪರೀಕ್ಷೆ ಬರೆಯಬಹುದು. ಈ ಸರಳತೆಯಿಂದಲೇ ಅದು ಎಲ್ಲೆಡೆ ಹಬ್ಬಿತು. 2009ರಲ್ಲಿ ಅದರಿಂದ ಕವಲೊಡೆದ ಐಸಿಂಗಾ ಕೂಡ ಇದೇ ಪದ್ಧತಿಯ ಪ್ಲಗಿನ್‌ಗಳನ್ನು ಬಳಸುತ್ತದೆ.

ಈಗ ಒಂದು ಮುಖ್ಯ ಸ್ವಿಚ್ ಬಿತ್ತು ಅಂದುಕೊಳ್ಳಿ. ಅದರ ಹಿಂದೆ 500 ಸಾಧನಗಳಿವೆ. ಅವೆಲ್ಲ ಚೆನ್ನಾಗಿಯೇ ಇವೆ, ಆದರೆ ಯಾವುದೂ ಉತ್ತರ ಕೊಡುವುದಿಲ್ಲ. ತಂತ್ರಾಂಶದ ಕಣ್ಣಿಗೆ 501 ಯಂತ್ರಗಳು ಸತ್ತಿವೆ. ಅದು 501 ಮೆಸೇಜ್ ಕಳಿಸುತ್ತದೆ. ಒಂದೊಂದು ಯಂತ್ರದ ಮೇಲೆ ನಾಲ್ಕು ಪರೀಕ್ಷೆಗಳಿದ್ದರೆ ಇನ್ನೂ ಜಾಸ್ತಿ.

ನಾನು ಇಂಥ ಒಂದು ರಾತ್ರಿ ಕಳೆದಿದ್ದೇನೆ. ಮೆಸೇಜ್‌ಗಳು ನಿಲ್ಲಲೇ ಇಲ್ಲ. ನಿಜವಾದ ಕಾರಣ ಹೇಳುವ ಒಂದು ಮೆಸೇಜ್ ಅದರ ನಡುವೆ ಎಲ್ಲೋ ಇತ್ತು. ನಾವು ಮೂವರು ಸಾಲಾಗಿ ಓದುತ್ತ ಕೂತಿದ್ದೆವು. ಕೊನೆಗೆ ಉತ್ತರ ಸಿಕ್ಕಿದ್ದು ಆ ಮೆಸೇಜ್‌ಗಳಿಂದ ಅಲ್ಲ. ಒಬ್ಬರು ಹೋಗಿ ಸ್ವಿಚ್‌ನ ದೀಪ ಆರಿದ್ದನ್ನು ನೋಡಿಕೊಂಡು ಬಂದರು. ಮಾಹಿತಿ ಇದ್ದೂ ಉಪಯೋಗಕ್ಕೆ ಬರಲಿಲ್ಲವಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಇದಕ್ಕೆ ಪರಿಹಾರ ನ್ಯಾಗಿಯೋಸ್ ಒಳಗೇ ಇದೆ. ಪ್ರತಿ ಸಾಧನಕ್ಕೂ ಅದರ ಪೇರೆಂಟ್ ಯಾವುದು, ಅಂದರೆ ಯಾವುದನ್ನು ದಾಟಿ ಅದನ್ನು ತಲುಪುತ್ತೇವೆ, ಅಂತ ಬರೆದಿಡಬಹುದು. ಆಗ ತಂತ್ರಾಂಶ 'ಬಿದ್ದಿದೆ' ಮತ್ತು 'ತಲುಪಲಾಗುತ್ತಿಲ್ಲ' ಅನ್ನುವ ಎರಡು ಸ್ಥಿತಿಗಳನ್ನು ಬೇರೆ ಬೇರೆ ಮಾಡುತ್ತದೆ. ಬಿದ್ದದ್ದು ಒಂದು, ತಲುಪಲಾಗದ್ದು 500. ತಲುಪಲಾಗದ್ದಕ್ಕೆ ಮೆಸೇಜ್ ಬೇಡ ಅಂತ ಹೇಳಿಬಿಟ್ಟರೆ ಆ ರಾತ್ರಿ ಒಂದೇ ಮೆಸೇಜ್ ಬರುತ್ತದೆ. ಇಷ್ಟು ದಿನದಿಂದ ಇರುವ ಸೌಲಭ್ಯ ಇದು. ಆದರೂ ಹಲವು ಕಡೆ ಆ ಜಾಗ ಖಾಲಿ ಇರುತ್ತದೆ. ಸರ್ವರ್‌ಗಳನ್ನಷ್ಟೇ ನೋಡುವಾಗ ಅದರ ಅಗತ್ಯ ಬಿದ್ದಿರಲಿಲ್ಲ, ಅಷ್ಟೆ.

ಇನ್ನೊಂದು ಸಮಸ್ಯೆ ಸಮಯದ್ದು. ಉತ್ತರ ಕೊಡದ ಸಾಧನಕ್ಕಾಗಿ ತಂತ್ರಾಂಶ ಒಂದಿಷ್ಟು ಹೊತ್ತು ಕಾಯಬೇಕು. 10 ಸೆಕೆಂಡ್ ಅಂದುಕೊಳ್ಳಿ. ಒಂದಾದ ಮೇಲೆ ಒಂದರಂತೆ 500 ಸಾಧನಕ್ಕೆ ಕಾದರೆ 5,000 ಸೆಕೆಂಡ್, ಅಂದರೆ ಸುಮಾರು 83 ನಿಮಿಷ. ಎಲ್ಲಕ್ಕಿಂತ ಚುರುಕಾಗಿರಬೇಕಾದ ಹೊತ್ತಿನಲ್ಲೇ ಅದು ಎಲ್ಲಕ್ಕಿಂತ ನಿಧಾನವಾಗುತ್ತದೆ. ನ್ಯಾಗಿಯೋಸ್‌ನ ಹಳೆಯ ಆವೃತ್ತಿಗಳು ಯಂತ್ರ ಬದುಕಿದೆಯೇ ಅನ್ನುವ ಪರೀಕ್ಷೆಯನ್ನು ಹೀಗೆ ಒಂದೊಂದಾಗಿಯೇ ಮಾಡುತ್ತಿದ್ದವು. 2008ರ ಮೂರನೇ ಆವೃತ್ತಿಯಲ್ಲಿ ಒಟ್ಟೊಟ್ಟಿಗೆ ಮಾಡುವ ವ್ಯವಸ್ಥೆ ಬಂತು. ನಿಮ್ಮ ತಂತ್ರಾಂಶ ಯಾವುದೇ ಇರಲಿ, ಈ ಲೆಕ್ಕ ಒಮ್ಮೆ ಹಾಕಿ ನೋಡಿ. ಎಲ್ಲ ಸರಿಯಿದ್ದಾಗ ಒಂದು ಸುತ್ತಿಗೆ ಎಷ್ಟು ಹೊತ್ತು, ಅರ್ಧದಷ್ಟು ಸಾಧನ ಉತ್ತರ ಕೊಡದಿದ್ದಾಗ ಎಷ್ಟು ಹೊತ್ತು ಅಂತ.

ಪೇರೆಂಟ್ ಪಟ್ಟಿಯನ್ನು ಕೈಯಲ್ಲಿ ಬರೆದರೆ ಅದು ಬೇಗ ಹಳತಾಗುತ್ತದೆ. ಯಾರೋ ಕೇಬಲ್ ಬದಲಿಸುತ್ತಾರೆ, ಪಟ್ಟಿ ಬದಲಿಸಲು ಮರೆಯುತ್ತಾರೆ. ಅದಕ್ಕೆ ಸ್ವಿಚ್‌ಗಳನ್ನೇ ಕೇಳುವುದು ಒಳ್ಳೆಯದು. ಎಲ್‌ಎಲ್‌ಡಿಪಿ ಅನ್ನುವ ನಿಯಮದ ಪ್ರಕಾರ ಪ್ರತಿ ಸ್ವಿಚ್ ತನ್ನ ಪಕ್ಕದವರಿಗೆ ನಾನು ಇಂಥವನು, ಈ ಪೋರ್ಟ್‌ನಲ್ಲಿದ್ದೇನೆ ಅಂತ ಆಗಾಗ ಹೇಳುತ್ತಲೇ ಇರುತ್ತದೆ. ಆ ಮಾಹಿತಿಯನ್ನು ದಿನಕ್ಕೊಮ್ಮೆ ಸಂಗ್ರಹಿಸಿ ನಕ್ಷೆಯನ್ನು ತಾನಾಗಿ ಕಟ್ಟುವ ಪುಟ್ಟ ಪ್ರೋಗ್ರಾಂ ಬರೆದರೆ ಹಾಕಿದ ಶ್ರಮ ಖಂಡಿತ ವಾಪಸ್ ಬರುತ್ತದೆ.

ಸುಳ್ಳು ಹೇಳುವ ಗ್ರಾಫ್

ಸರ್ವರ್ ಒಳಗೆ ನಮ್ಮದೇ ಒಂದು ಏಜೆಂಟ್, ಅಂದರೆ ಒಳಗಿನ ಸ್ಥಿತಿ ವರದಿ ಮಾಡುವ ಪುಟ್ಟ ಪ್ರೋಗ್ರಾಂ, ಕೂರಿಸಬಹುದು. ಸ್ವಿಚ್ ಒಳಗೆ ಹಾಗೆ ಸುಲಭವಾಗಿ ಕೂರಿಸಲು ಆಗುವುದಿಲ್ಲ. ಅದು ಒಪ್ಪುವ ಭಾಷೆಯಲ್ಲೇ ಮಾತಾಡಬೇಕು. ಆ ಭಾಷೆ ಎಸ್‌ಎನ್‌ಎಂಪಿ. 1988ರಿಂದ ಇರುವಂಥದ್ದು. ಪ್ರತಿ ಪೋರ್ಟ್‌ನಲ್ಲಿ ಎಷ್ಟು ಬೈಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ಸ್ವಿಚ್ ಎಣಿಸುತ್ತಾ ಹೋಗುತ್ತದೆ. ನಾವು ಆಗಾಗ ಹೋಗಿ ಕೌಂಟರ್ ಓದಿಕೊಂಡು, ಹಿಂದಿನ ಸಲದ ಅಂಕಿಯನ್ನು ಕಳೆದು, ವೇಗ ಎಷ್ಟು ಅಂತ ಲೆಕ್ಕ ಹಾಕುತ್ತೇವೆ.

ಐದು ನಿಮಿಷಕ್ಕೊಮ್ಮೆ ಓದುವ ಅಭ್ಯಾಸ ತುಂಬಾ ಹಳೆಯದು. ತೊಂಬತ್ತರ ದಶಕದ ಮಧ್ಯದಲ್ಲಿ ಟೋಬಿಯಾಸ್ ಓಟಿಕರ್ ಇಂಥ ಗ್ರಾಫ್ ಬಿಡಿಸುವ ಎಂಆರ್‌ಟಿಜಿ ಅನ್ನುವ ತಂತ್ರಾಂಶ ಬರೆದಾಗ ಅವರ ಮುಂದಿದ್ದದ್ದು ಸೆಕೆಂಡಿಗೆ 64 ಕಿಲೋಬಿಟ್‌ನ ಒಂದು ಸಂಪರ್ಕ. ಅದಕ್ಕೆ ಐದು ನಿಮಿಷ ಸಾಕಾಗಿತ್ತು. ಸಂಪರ್ಕಗಳ ವೇಗ ಸಾವಿರಾರು ಪಟ್ಟು ಹೆಚ್ಚಿತು. ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಇದರಿಂದ ಏನಾಗುತ್ತದೆ ಅಂತ ಲೆಕ್ಕ ಮಾಡಿ ತೋರಿಸುತ್ತೇನೆ. ಹಳೆಯ ಕೌಂಟರ್ 32 ಬಿಟ್‌ನದು. 429 ಕೋಟಿ ಚಿಲ್ಲರೆ ಬೈಟ್ ಎಣಿಸಿದ ಮೇಲೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಹೀಗೆ ಸುತ್ತಿ ಬರಲು 343 ಸೆಕೆಂಡ್ ಬೇಕು. ಐದು ನಿಮಿಷ ಅಂದರೆ 300 ಸೆಕೆಂಡ್, ಹಾಗಾಗಿ ಹೇಗೋ ತಪ್ಪಿಸಿಕೊಂಡೆವು. 1 ಗಿಗಾಬಿಟ್ ವೇಗದಲ್ಲಿ 34 ಸೆಕೆಂಡಿಗೆ ಒಂದು ಸುತ್ತು. ಐದು ನಿಮಿಷದಲ್ಲಿ ಎಂಟು ಸುತ್ತು ಮುಗಿದು ಒಂಬತ್ತನೆಯದು ನಡೆಯುತ್ತಿರುತ್ತದೆ. ತಂತ್ರಾಂಶಕ್ಕೆ ಆ ಎಂಟು ಸುತ್ತು ಕಾಣುವುದೇ ಇಲ್ಲ. ಉಳಿದದ್ದನ್ನಷ್ಟೇ ಲೆಕ್ಕ ಹಾಕಿ 84 ಮೆಗಾಬಿಟ್ ಅನ್ನುತ್ತದೆ. ಪೂರ್ತಿ ತುಂಬಿ ಉಸಿರುಗಟ್ಟುತ್ತಿರುವ ಗಿಗಾಬಿಟ್ ಸಂಪರ್ಕ ಗ್ರಾಫ್‌ನಲ್ಲಿ ಶೇಕಡಾ 8ರಷ್ಟು ಬಳಕೆಯಲ್ಲಿ ಆರಾಮಾಗಿರುವಂತೆ ಕಾಣುತ್ತದೆ. ಬಳಸುವವರು ನಿಧಾನ ಅಂತ ದೂರುತ್ತಾರೆ, ನೋಡಿಕೊಳ್ಳುವವರು ಗ್ರಾಫ್ ತೋರಿಸಿ ಎಲ್ಲ ಸರಿಯಿದೆ ಅನ್ನುತ್ತಾರೆ. ಇಬ್ಬರೂ ಪ್ರಾಮಾಣಿಕರೇ.

64 ಬಿಟ್ ಕೌಂಟರ್ ಓದಿದರೆ ಈ ತೊಂದರೆ ಇಲ್ಲ. ಸೆಕೆಂಡಿಗೆ 1 ಟೆರಾಬಿಟ್ ವೇಗದಲ್ಲೂ ಅದು ಸುತ್ತಿ ಬರಲು ನಾಲ್ಕೂವರೆ ವರ್ಷಕ್ಕಿಂತ ಜಾಸ್ತಿ ಬೇಕು. ಆದರೆ ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಗೆ 64 ಬಿಟ್ ಕೌಂಟರ್ ಗೊತ್ತೇ ಇಲ್ಲ. ಎರಡನೇ ಅಥವಾ ಮೂರನೇ ಆವೃತ್ತಿಗೆ ಹೋಗಬೇಕು. ಹಳೆಯ ಟೆಂಪ್ಲೇಟನ್ನು ಸುಮ್ನೆ ಎತ್ತಿ ಹಾಕಿದ ಕಡೆಗಳಲ್ಲಿ 32 ಬಿಟ್ ಕೌಂಟರ್ ಈಗಲೂ ಕದ್ದು ಕೂತಿರಬಹುದು, ಒಮ್ಮೆ ಹುಡುಕಿ.

ಎಸ್‌ಎನ್‌ಎಂಪಿಯಲ್ಲಿ ಇನ್ನೊಂದು ಗುಂಡಿ ಇದೆ. ಪ್ರತಿ ಪೋರ್ಟ್‌ಗೆ ಒಂದು ಸೂಚಿ ಸಂಖ್ಯೆ ಇರುತ್ತದೆ. ಕೆಲವು ಸಾಧನಗಳಲ್ಲಿ ರೀಸ್ಟಾರ್ಟ್ ಆದಾಗ ಅಥವಾ ಹೊಸ ಕಾರ್ಡ್ ಹಾಕಿದಾಗ ಈ ಸಂಖ್ಯೆಗಳು ಅದಲು ಬದಲಾಗುತ್ತವೆ. ತಂತ್ರಾಂಶ ಸಂಖ್ಯೆಯನ್ನೇ ನಂಬಿದ್ದರೆ, ನಿನ್ನೆಯವರೆಗೆ ಒಂದು ಪೋರ್ಟ್‌ನದಾಗಿದ್ದ ಗ್ರಾಫ್ ಇವತ್ತಿನಿಂದ ಇನ್ನೊಂದರದಾಗುತ್ತದೆ. ಎಚ್ಚರಿಕೆ ಏನೂ ಬರುವುದಿಲ್ಲ. ಹೆಸರಿನ ಮೇಲೆ ಹಿಡಿದಿಡಬೇಕು, ಸಂಖ್ಯೆಯ ಮೇಲಲ್ಲ.

ಸರಿಯಾದ ಕೌಂಟರ್ ಓದಿದರೂ ಸರಾಸರಿ ಅನ್ನುವುದು ಬಹಳಷ್ಟನ್ನು ಮುಚ್ಚಿಡುತ್ತದೆ. ಒಂದು ಸ್ವಿಚ್‌ಗೆ 10 ಗಿಗಾಬಿಟ್ ವೇಗದಲ್ಲಿ ಡೇಟಾ ಬರುತ್ತಿದೆ, 1 ಗಿಗಾಬಿಟ್ ಪೋರ್ಟ್‌ನಿಂದ ಹೊರಹೋಗಬೇಕು ಅಂದುಕೊಳ್ಳಿ. ನಡುವೆ ತಡೆದಿಟ್ಟುಕೊಳ್ಳಲು 1 ಮೆಗಾಬೈಟ್ ಜಾಗವಿದೆ. ಆ ಜಾಗ ತುಂಬಲು ಒಂದು ಮಿಲಿಸೆಕೆಂಡೂ ಬೇಕಾಗಿಲ್ಲ. ತುಂಬಿದ ಮೇಲೆ ಬಂದ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಬಿದ್ದುಹೋಗುತ್ತವೆ. ಇದು ನಿಮಿಷಕ್ಕೆ ಹತ್ತು ಸಲ ಆದರೂ ಐದು ನಿಮಿಷದ ಸರಾಸರಿಯಲ್ಲಿ ಅದರ ಗುರುತೂ ಇರುವುದಿಲ್ಲ. ಅದಕ್ಕೇ ನೆಟ್‌ವರ್ಕ್‌ನಲ್ಲಿ ಬಳಕೆಯ ಶೇಕಡಾವಾರಿಗಿಂತ ಬಿದ್ದ ಪ್ಯಾಕೆಟ್‌ಗಳ ಕೌಂಟರ್ ಮೇಲೆ ನನಗೆ ಹೆಚ್ಚು ಭರವಸೆ. ಅದು ಕೂಡಿಸುತ್ತಾ ಹೋಗುವ ಲೆಕ್ಕ. ನಾವು ನೋಡದ ಹೊತ್ತಿನಲ್ಲಿ ಆದದ್ದೂ ಅದರಲ್ಲಿ ಉಳಿದಿರುತ್ತದೆ.

ಹಾಗಾದರೆ ಸೆಕೆಂಡಿಗೊಮ್ಮೆ ಓದಿದರಾಯಿತಲ್ಲ ಅನ್ನಿಸಬಹುದು. 48 ಪೋರ್ಟ್‌ಗಳ 1,000 ಸ್ವಿಚ್‌ಗಳು, ಪೋರ್ಟ್‌ಗೆ 10 ಕೌಂಟರ್ ಅಂದರೆ 4,80,000 ಅಂಕಿಗಳು. ಐದು ನಿಮಿಷಕ್ಕೊಮ್ಮೆ ಓದಿದರೆ ಸೆಕೆಂಡಿಗೆ 1,600 ಬರುತ್ತವೆ. ಒಂದು ಸಾಧಾರಣ ಯಂತ್ರ ಸಲೀಸಾಗಿ ನಿಭಾಯಿಸುತ್ತದೆ. ಸೆಕೆಂಡಿಗೊಮ್ಮೆ ಅಂದರೆ ಸೆಕೆಂಡಿಗೆ 4,80,000. ಸಮಯಕ್ಕೆ 8 ಬೈಟ್, ಅಂಕಿಗೆ 8 ಬೈಟ್ ಲೆಕ್ಕದಲ್ಲಿ ಹಾಗೇ ಬರೆದಿಟ್ಟರೆ ದಿನಕ್ಕೆ ಸುಮಾರು 660 ಗಿಗಾಬೈಟ್. ಫೇಸ್‌ಬುಕ್‌ನವರು 2015ರಲ್ಲಿ ಗೊರಿಲ್ಲಾ ಅನ್ನುವ ತಮ್ಮ ಡೇಟಾಬೇಸ್ ಬಗ್ಗೆ ಬರೆದಾಗ ಈ 16 ಬೈಟ್‌ಗಳನ್ನು ಸರಾಸರಿ 1.37 ಬೈಟ್‌ಗೆ ಇಳಿಸಿದ ಕ್ರಮ ವಿವರಿಸಿದರು. ಹಿಂದಿನ ಅಂಕಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುವುದು ಅದರ ಮೂಲ ವಿಚಾರ. ಪ್ರೊಮಿಥಿಯಸ್ ಅನ್ನುವ ಮಾನಿಟರಿಂಗ್ ತಂತ್ರಾಂಶ ಕೂಡ ಇದೇ ಬಗೆಯ ಕ್ರಮ ಬಳಸುತ್ತದೆ. ಹಾಗಾಗಿ ಜಾಗದ ಪ್ರಶ್ನೆ ಈಗ ಅಷ್ಟು ದೊಡ್ಡದಲ್ಲ.

ದೊಡ್ಡದು ಸ್ವಿಚ್‌ನ ಸುಸ್ತು. ಪ್ಯಾಕೆಟ್ ದಾಟಿಸುವ ಚಿಪ್ ಎಷ್ಟೇ ಚುರುಕಾಗಿರಲಿ, ನಮ್ಮ ಪ್ರಶ್ನೆಗೆ ಉತ್ತರ ಕೊಡುವುದು ಪಕ್ಕದಲ್ಲಿರುವ ಒಂದು ಸಾಧಾರಣ ಪ್ರೊಸೆಸರ್. ದಾರಿ ಲೆಕ್ಕ ಹಾಕುವ ಕೆಲಸವೂ ಸಾಮಾನ್ಯವಾಗಿ ಅದರದ್ದೇ. ಪ್ರಶ್ನೆ ಜಾಸ್ತಿಯಾದರೆ ಆ ಕೆಲಸವೂ ಹಿಂದೆ ಬೀಳುತ್ತದೆ. ಕಾಯಲು ಹೋದವರೇ ಹೊರೆಯಾಗುವುದು ಅಂದರೆ ಇದೇ ಅಲ್ವಾ? ಪ್ರೊಮಿಥಿಯಸ್‌ನಂಥ ತಂತ್ರಾಂಶ, 2012ರಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಹುಟ್ಟಿದ್ದು, ತಾನೇ ಹೋಗಿ ಕೇಳಿಕೊಂಡು ಬರುವ ಪದ್ಧತಿಯದು. ಚಿಕ್ಕ ಸೇವೆಗಳಿಗೆ ಅದು ತುಂಬಾ ಹೊಂದುತ್ತದೆ. ನೂರಾರು ಪೋರ್ಟ್‌ಗಳ ದೊಡ್ಡ ಸ್ವಿಚ್ ಮಾತ್ರ ಎಸ್‌ಎನ್‌ಎಂಪಿಯಲ್ಲಿ ಪೂರ್ತಿ ಉತ್ತರ ಕೊಡುವಷ್ಟರಲ್ಲಿ ಕಾಯುವ ಅವಧಿಯೇ ಮುಗಿದುಹೋಗಬಹುದು. ಹೊಸ ಸಾಧನಗಳಲ್ಲಿ ಇದನ್ನು ತಿರುಗಿಸಿದ್ದಾರೆ. ಯಾವ ಅಂಕಿ ಬೇಕು ಅಂತ ಒಮ್ಮೆ ಹೇಳಿಟ್ಟರೆ ಸ್ವಿಚ್ ತಾನಾಗಿ ಕಳಿಸುತ್ತಾ ಇರುತ್ತದೆ. ಜಿಎನ್‌ಎಂಐ ಅನ್ನುವುದು ಇದರ ಒಂದು ರೂಪ. ನನ್ನ ಅಭಿಪ್ರಾಯದಲ್ಲಿ ಮುಖ್ಯ ಸಂಪರ್ಕಗಳಿಗೆ ಇದು, ಉಳಿದ ಸಾವಿರಾರು ಪೋರ್ಟ್‌ಗಳಿಗೆ ನಿಮಿಷಕ್ಕೊಮ್ಮೆ ಎಸ್‌ಎನ್‌ಎಂಪಿ. ಎಲ್ಲವನ್ನೂ ಒಂದೇ ಅಳತೆಯಲ್ಲಿ ನೋಡಬೇಕಾಗಿಲ್ಲ.

ಎಲ್ಲಿ ನಿಂತು ನೋಡುವುದು

ಸರ್ವರ್ ಸಾಮಾನ್ಯವಾಗಿ ಇದೆ ಅಥವಾ ಇಲ್ಲ. ನೆಟ್‌ವರ್ಕ್ ಅರ್ಧ ಕೆಡುತ್ತದೆ. ಎರಡು ಜಾಗಗಳ ನಡುವೆ ನಾಲ್ಕು ಸಮಾನ ದಾರಿಗಳಿದ್ದು, ಒಂದರಲ್ಲಿ ಮಾತ್ರ ಪ್ಯಾಕೆಟ್‌ಗಳು ಸದ್ದಿಲ್ಲದೆ ಬೀಳುತ್ತಿವೆ ಅಂದುಕೊಳ್ಳಿ. ಸಂಪರ್ಕಗಳು ನಾಲ್ಕು ದಾರಿಗೂ ಹಂಚಿಹೋಗಿರುತ್ತವೆ. ಮಾನಿಟರಿಂಗ್ ಯಂತ್ರದ ಪಿಂಗ್, ಅಂದರೆ ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ, ಚೆನ್ನಾಗಿರುವ ದಾರಿಯಲ್ಲಿ ಹೋಗಿ ಬರುತ್ತದೆ, ಎಲ್ಲ ಹಸಿರು. ನಾಲ್ಕರಲ್ಲೊಬ್ಬ ಬಳಕೆದಾರನಿಗೆ ಮಾತ್ರ ಏನೂ ತೆರೆಯುವುದಿಲ್ಲ. ಒಂದೇ ಜಾಗದಲ್ಲಿ ನಿಂತು ನೋಡಿದರೆ ಇದು ಎಂದೂ ಕಾಣುವುದಿಲ್ಲ. ಮೈಕ್ರೋಸಾಫ್ಟ್‌ನವರು 2015ರಲ್ಲಿ ಪಿಂಗ್‌ಮೆಶ್ ಅನ್ನುವ ವ್ಯವಸ್ಥೆಯ ವಿವರ ಪ್ರಕಟಿಸಿದರು. ಅದರಲ್ಲಿ ಕಾಯುವವನು ಒಬ್ಬನಲ್ಲ. ಸರ್ವರ್‌ಗಳೇ ಒಂದನ್ನೊಂದು ಮಾತಾಡಿಸಿ, ಹೋಗಿ ಬರಲು ಎಷ್ಟು ಹೊತ್ತಾಯಿತು ಅಂತ ಬರೆದಿಡುತ್ತವೆ. ಯಾವ ಜೋಡಿಗಳ ನಡುವೆ ತೊಂದರೆ ಅಂತ ನೋಡಿದರೆ ನಡುವಿನ ಯಾವ ಸ್ವಿಚ್ ಕೆಟ್ಟಿದೆ ಅಂತ ಹತ್ತಿರ ಹತ್ತಿರ ಗೊತ್ತಾಗುತ್ತದೆ. ಚಿಕ್ಕ ಮಟ್ಟದಲ್ಲಿ ಇದನ್ನು ಯಾರು ಬೇಕಾದರೂ ಮಾಡಬಹುದು. ಪ್ರತಿ ಕಟ್ಟಡದಲ್ಲಿ ಒಂದು ಸಣ್ಣ ಯಂತ್ರ ಇಟ್ಟು, ಅವು ಪರಸ್ಪರ ಬೇರೆ ಬೇರೆ ಪೋರ್ಟ್ ಸಂಖ್ಯೆಗಳಿಂದ (ಇದು ಸ್ವಿಚ್‌ನ ಪೋರ್ಟ್ ಅಲ್ಲ, ಸಂಪರ್ಕ ಗುರುತಿಸಲು ಪ್ಯಾಕೆಟ್‌ನಲ್ಲಿ ಬರೆಯುವ ಸಂಖ್ಯೆ) ಮಾತಾಡಿಸುವಂತೆ ಮಾಡಿದರೆ ಬೇರೆ ಬೇರೆ ದಾರಿಗಳೂ ಪರೀಕ್ಷೆಯಾಗುತ್ತವೆ.

ಇನ್ನು, ನೋಡುವ ಕಣ್ಣೇ ಮುಚ್ಚಿಹೋಗುವ ಅಪಾಯ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಇಡೀ ಜಗತ್ತಿಗೆ ಸಿಗಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬೆನ್ನೆಲುಬನ್ನೇ ಕಡಿದುಹಾಕಿತ್ತು. ಅಂಥ ಆದೇಶವನ್ನು ತಡೆಯಬೇಕಿದ್ದ ತಪಾಸಣಾ ತಂತ್ರಾಂಶದಲ್ಲಿ ದೋಷವಿತ್ತು. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಹೋದದ್ದರಿಂದ ಒಳಗಿನ ಉಪಕರಣಗಳೂ ಕೈಕೊಟ್ಟವು. ಇಂಥ ಹೊತ್ತಿಗೆಂದೇ ಇರುವ ಪ್ರತ್ಯೇಕ ನೆಟ್‌ವರ್ಕ್‌ನಿಂದಲೂ ಒಳಹೋಗಲಾಗಲಿಲ್ಲ. ಎಂಜಿನಿಯರ್‌ಗಳನ್ನು ಡೇಟಾ ಸೆಂಟರ್‌ಗೇ ಕಳಿಸಬೇಕಾಯಿತು. ಮರುವರ್ಷ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ನೆಟ್‌ವರ್ಕ್ ಬಿತ್ತು. 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ಫೋನ್, ಇಂಟರ್ನೆಟ್ ಇರಲಿಲ್ಲ. ತುರ್ತು ಕರೆಗಳೂ ಹಲವರಿಗೆ ಹೋಗಲಿಲ್ಲ. ಅಲ್ಲೂ ನಿರ್ವಹಣೆಯ ನೆಟ್‌ವರ್ಕ್ ಬಿದ್ದುಹೋದ ಮುಖ್ಯ ನೆಟ್‌ವರ್ಕ್‌ನ ಮೇಲೆಯೇ ನಿಂತಿತ್ತು. ದುರಸ್ತಿ ಮಾಡಬೇಕಾದವರ ಫೋನ್‌ಗಳೂ ಅದೇ ಕಂಪನಿಯವು.

ತುರ್ತು ಕರೆ ಹೋಗಲಿಲ್ಲ ಅನ್ನುವ ಮಾತನ್ನು ನಾನು ಸುಲಭವಾಗಿ ದಾಟಿಹೋಗಲಾರೆ. ಆ ಕಡೆ ಒಬ್ಬ ಮನುಷ್ಯ ಇರುತ್ತಾನೆ. ಅದಕ್ಕೇ ಮಾನಿಟರಿಂಗ್ ಯಂತ್ರಕ್ಕೆ ಬೇರೆಯದೇ ದಾರಿ ಇರಲಿ ಅಂತ ಹಟ ಹಿಡಿಯುತ್ತೇನೆ. ಬೇರೆ ಸ್ವಿಚ್, ಬೇರೆ ಕಂಪನಿಯ ಸಂಪರ್ಕ, ತನ್ನದೇ ಡಿಎನ್‌ಎಸ್ ಅಥವಾ ನೇರ ಐಪಿ ವಿಳಾಸ. ಲಾಗಿನ್ ಆಗಲು ಮುಖ್ಯ ವ್ಯವಸ್ಥೆಯನ್ನು ಕೇಳುವಂತಿರಬಾರದು. ಜೊತೆಗೆ ಹೊರಗೆ ಎಲ್ಲೋ ಇನ್ನೊಂದು ಸಣ್ಣ ಯಂತ್ರ ಇರಲಿ. ಒಳಗಿನ ತಂತ್ರಾಂಶ ನಿಮಿಷಕ್ಕೊಮ್ಮೆ ಅದಕ್ಕೆ 'ಇದ್ದೇನೆ' ಅಂತ ಹೇಳುತ್ತಿರಲಿ. ಆ ಮಾತು ನಿಂತರೆ ಹೊರಗಿನದು ಕೂಗಬೇಕು. ದೂರದ ಶಾಖೆಗಳಿದ್ದರೆ ಝಾಬಿಕ್ಸ್ ಅನ್ನುವ ಮಾನಿಟರಿಂಗ್ ತಂತ್ರಾಂಶದ ಪ್ರಾಕ್ಸಿಯಂಥ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ. ನಡುವಿನ ಸಂಪರ್ಕ ಕಡಿದರೂ ಅದು ಅಲ್ಲೇ ಕೂತು ಅಂಕಿಗಳನ್ನು ಕೂಡಿಟ್ಟು, ಸಂಪರ್ಕ ಬಂದ ಮೇಲೆ ಕಳಿಸುತ್ತದೆ.

ನೋಡುವುದರಿಂದ ಆಳುವುದಕ್ಕೆ

ಕೊನೆಯ ಹಂತ ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. ತಂತ್ರಾಂಶ ತೊಂದರೆ ಕಂಡರೆ ತಾನೇ ಸರಿಮಾಡಲಿ ಅಂತ. ಸರ್ವರ್‌ನಲ್ಲಿ ನಿಂತ ಸೇವೆಯನ್ನು ಮತ್ತೆ ಶುರುಮಾಡುವುದು ಅಷ್ಟೇನೂ ಅಪಾಯವಲ್ಲ. ನೆಟ್‌ವರ್ಕ್‌ನಲ್ಲಿ ತಪ್ಪು ಪೋರ್ಟ್ ಮುಚ್ಚಿದರೆ ಅದನ್ನು ಮತ್ತೆ ತೆರೆಯಲು ಹೋಗುವ ದಾರಿಯೂ ಮುಚ್ಚಿರಬಹುದು. 2002ರಲ್ಲಿ ಇಂಟರ್ನೆಟ್ ಆರ್ಕಿಟೆಕ್ಚರ್ ಬೋರ್ಡ್ ನಡೆಸಿದ ಒಂದು ಸಭೆಯಲ್ಲಿ ನೆಟ್‌ವರ್ಕ್ ನಡೆಸುವವರು ತಮ್ಮ ಅನುಭವ ಹೇಳಿಕೊಂಡರು. ಎಸ್‌ಎನ್‌ಎಂಪಿಯನ್ನು ನೋಡಲು ಬಳಸುತ್ತೇವೆ, ಬದಲಾವಣೆ ಮಾಡಲು ಸಾಮಾನ್ಯವಾಗಿ ಬಳಸುವುದಿಲ್ಲ ಅನ್ನುವುದು ಅದರ ಸಾರ. ಬದಲಾವಣೆಗೆಂದೇ ನೆಟ್‌ಕಾನ್ಫ್ ಅನ್ನುವ ಬೇರೆ ಪದ್ಧತಿ 2006ರಲ್ಲಿ ಬಂತು. ಈ ಎರಡನ್ನೂ ಬೇರೆ ಬೇರೆ ಇಟ್ಟದ್ದು ಸರಿ ಅಂತ ನನಗೆ ಅನ್ನಿಸುತ್ತದೆ. ನೋಡುವ ಖಾತೆಗೆ ಓದುವ ಅಧಿಕಾರ ಮಾತ್ರ ಇರಲಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಎಲ್ಲ ಸಾಧನಗಳ ಪಾಸ್‌ವರ್ಡ್ ಇರುವ ಜಾಗ ಮಾನಿಟರಿಂಗ್ ಯಂತ್ರ. 2020ರ ಡಿಸೆಂಬರ್‌ನಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯ ಒರಾಯನ್ ಅನ್ನುವ ಮಾನಿಟರಿಂಗ್ ತಂತ್ರಾಂಶದ ಅಪ್‌ಡೇಟ್ ಒಳಗೇ ದಾಳಿಕೋರರು ಕಳ್ಳಬಾಗಿಲು ಸೇರಿಸಿದ್ದು ಬಯಲಾಯಿತು. ಸುಮಾರು 18,000 ಗ್ರಾಹಕರ ಬಳಿಗೆ ಆ ಅಪ್‌ಡೇಟ್ ತಲುಪಿರಬಹುದು ಅಂತ ಕಂಪನಿಯೇ ಹೇಳಿತು. ಬೇಲಿಯೇ ಎದ್ದು ಹೊಲ ಮೇಯುವ ಅಪಾಯ ಇದು. ಎಸ್‌ಎನ್‌ಎಂಪಿಯ ಮೊದಲ ಎರಡು ಆವೃತ್ತಿಗಳಲ್ಲಿ ಗುಪ್ತಪದ ಬರಿಗಣ್ಣಿಗೆ ಕಾಣುವಂತೆ ತಂತಿಯ ಮೇಲೆ ಹೋಗುತ್ತದೆ ಅನ್ನುವುದನ್ನೂ ಇಲ್ಲಿ ನೆನಪಿಡಬೇಕು. ಮೂರನೇ ಆವೃತ್ತಿಯಲ್ಲಿ ಗೂಢಲಿಪಿಯ ಸೌಲಭ್ಯವಿದೆ.

ನಿಮ್ಮಲ್ಲಿ ಈಗಿರುವ ವ್ಯವಸ್ಥೆ ಎಷ್ಟರಮಟ್ಟಿಗೆ ನೆಟ್‌ವರ್ಕ್‌ಗೆ ಒಗ್ಗಿದೆ ಅಂತ ತಿಳಿಯಲು ಹೊಸದೇನೂ ಕೊಳ್ಳಬೇಕಾಗಿಲ್ಲ. ಎಲ್ಲರಿಗೂ ಮೊದಲೇ ಹೇಳಿ, ಕೆಲಸ ಕಡಿಮೆ ಇರುವ ಒಂದು ಹೊತ್ತು ನೋಡಿ, ನೂರು ಸಾಧನಗಳಾದರೂ ಹಿಂದೆ ಇರುವ ಒಂದು ಕೇಬಲ್ ಎಳೆಯಿರಿ. ಹತ್ತು ನಿಮಿಷ ಹಾಗೇ ಬಿಡಿ. ಎಷ್ಟು ಮೆಸೇಜ್ ಬಂತು, ಮೊದಲನೆಯದು ಎಷ್ಟು ಹೊತ್ತಿಗೆ ಬಂತು, ಆ ಕೇಬಲ್‌ನ ಹೆಸರು ಎಷ್ಟನೇ ಮೆಸೇಜ್‌ನಲ್ಲಿತ್ತು ಅಂತ ಬರೆದುಕೊಳ್ಳಿ. ಆಮೇಲೆ ಮಾನಿಟರಿಂಗ್ ಯಂತ್ರದ್ದೇ ಕೇಬಲ್ ಎಳೆದು, ಯಾರಿಗಾದರೂ ಫೋನ್ ಬರುತ್ತದೆಯೇ ಅಂತ ಕಾಯಿರಿ.